ಅಪ್ಪನ ವಿಮಾನಕ್ಕೆ ತೂತು

ಮೇಣದಬತ್ತಿಯ ಉರಿಯಲ್ಲಿ ಕೆಂಪಗೆ ಕಾದ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ತಂಗಿ ವಿಮಾನದ ಹತ್ತಿರ ತಂದಾಗ ಅಣ್ಣ ಅವಳ ಮಣಿಕಟ್ಟು ಹಿಡಿದುಕೊಂಡ. ಊಟದ ಮೇಜಿನ ತುಂಬ ರೆಕ್ಕೆ ಚಾಚಿ ನಿಂತಿದ್ದ ಆ ಮಾದರಿ, ತೀರಿಹೋದ ಅಪ್ಪ ಯುದ್ಧದಲ್ಲಿ ಹಾರಿಸಿದ್ದ ವಿಮಾನದ್ದು. ಅವಳೇ ಜೋಡಿಸಿ ಬಣ್ಣ ಹಚ್ಚಿದ್ದಳು. ನಾಳೆ ಅದು ಅಪ್ಪನ ಹೆಸರಿನ ಸಭಾಂಗಣಕ್ಕೆ ಹೋಗಬೇಕಿತ್ತು.

"ನೀನು ಮಸಿ ಬಳಿದೆ, ರೆಕ್ಕೆ ಬಣ್ಣ ಕೆರೆದೆ, ನಾನು ಬಾಯಿ ಮುಚ್ಚಿಕೊಂಡಿದ್ದೆ. ಈಗ ತೂತು ಬೇರೆನಾ? ನೋಡೋಕೆ ಬರೋರು ಏನಂದ್ಕೋತಾರೆ? ಹೊಸದರ ಥರ ಫಳಫಳ ಅಂತಿರಲಿ."

"ಅಪ್ಪ ಫಳಫಳ ಅಂತ ವಾಪಸ್ ಬರಲಿಲ್ಲ, ಅಣ್ಣ. ಗುಂಡು ತಿಂದೇ ಬಂದ್ರು. ಕೈ ಬಿಡು."

ಅವನು ಬಿಡಲಿಲ್ಲ. ಅವಳು ಕೊಸರಿಕೊಂಡು ಸೂಜಿಯನ್ನು ಪೈಲಟ್ ಸೀಟಿನ ಪಕ್ಕಕ್ಕೆ ಒತ್ತಿಯೇಬಿಟ್ಟಳು. ಪ್ಲಾಸ್ಟಿಕ್ಕು ಚುಯ್ಯೆಂದು ಕರಗಿ ಕಮಟು ವಾಸನೆ ಎದ್ದಿತು. ಅಣ್ಣನ ಮುಖ ಕಪ್ಪಿಟ್ಟಿತು. "ಅಮ್ಮಾ, ನೀನಾದ್ರೂ ಹೇಳು ಇವಳಿಗೆ!"

ಗೋಡೆಗೊರಗಿ ಕೂತಿದ್ದ ಅಮ್ಮ ಎದ್ದು ಬಂದು, ಕನ್ನಡಕ ಏರಿಸಿಕೊಂಡು ತೂತನ್ನು ನೋಡಿದಳು. ಗಂಡನ ಗುಂಡೇಟಿನ ಕಲೆಗೆ ವರ್ಷಗಟ್ಟಲೆ ಎಣ್ಣೆ ತಿಕ್ಕಿದ್ದ ಬೆರಳನ್ನು ವಿಮಾನದ ಮೈಮೇಲೆ ಮೆಲ್ಲಗೆ ಜಾರಿಸಿ, ಒಂದು ಕಡೆ ನಿಲ್ಲಿಸಿದಳು.

"ಇನ್ನೊಂದು ಇಲ್ಲಿ ಬರಬೇಕು ಕಣೇ, ತೊಡೆ ಹತ್ರ. ಸೂಜಿ ಕಾಯಿಸು."