ಯಾರ ಐದು ಗಂಟೆ?

ಅವರವರಿಗೆ ಎಚ್ಚರವಾದಾಗಲೇ ಅವರವರ ಬೆಳಗಿನ ಆರು ಗಂಟೆ ಎಂಬ ಕಾನೂನು ಬಂದು ಹನ್ನೆರಡು ವರ್ಷವಾಗಿತ್ತು. ಯಾರನ್ನಾದರೂ ಕಾಣಬೇಕಾದರೆ ಮೊಬೈಲಿನ ಕಪ್ಪು ಪರದೆಯಲ್ಲಿ ಒಂದು ಸಾಲಿನ ಕಮಾಂಡ್ ಟೈಪಿಸಿ, ಅವರ ಗಂಟೆಯನ್ನು ತಮ್ಮ ಗಂಟೆಗೆ ಬದಲಿಸಿಕೊಳ್ಳುವುದು ಹಲ್ಲುಜ್ಜುವಷ್ಟೇ ಸಹಜವಾಗಿತ್ತು.

ಇಂದುಮತಿ ನಿಶ್ಚಿತಾರ್ಥದ ಉಂಗುರವನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. "ಮೂರು ಭಾನುವಾರ ಐದು ಗಂಟೆಗೆ ಅಂತ ಕರೆದ್ರಿ. ಮೂರು ಸಲಾನೂ ಹೋಟೆಲಲ್ಲಿ ಒಬ್ಬಳೇ ಕೂತು ಎದ್ದು ಬಂದೆ. ಈ ಸಂಬಂಧ ಬೇಡ."

"ಕಾದಿದ್ದು ನಾನು ಕಣ್ರೀ! ನೀವೇ ಬರಲಿಲ್ಲ," ಎಂದ ಚಿದಾನಂದ.

ಇಬ್ಬರನ್ನೂ ತಮ್ಮ ಗಂಟೆಗೆ ಮನೆಗೆ ಕರೆಸಿದ್ದ ಅವನ ತಾಯಿ ಸುಭದ್ರಮ್ಮ, ಎರಡೂ ಮೊಬೈಲ್ ಇಸಿದುಕೊಂಡು ಹಳೆಯ ಕಮಾಂಡುಗಳನ್ನು ನೋಡಿದರು. ಅವಳು ಅವನ ಐದಕ್ಕೆ ಹೋಗಿದ್ದಳು, ಅವನು ಅವಳ ಐದಕ್ಕೆ. ನಡುವೆ ಎರಡೂವರೆ ಗಂಟೆಯ ಅಂತರ.

"ಇಷ್ಟೊಂದು ಮರ್ಯಾದೆ ಇಟ್ಕೊಂಡ್ರೆ ಸಂಸಾರ ಆದ ಹಾಗೇ!" ಎಂದರು.

ಇಂದುಮತಿ ನಾಚಿ ಉಂಗುರವನ್ನು ಮತ್ತೆ ಬೆರಳಿಗೇರಿಸಿದಳು.

"ನಾಳೆ ಸಿಗೋಣ್ವಾ? ನಿಮ್ಮ ಐದಕ್ಕೇ," ಎಂದ ಚಿದಾನಂದ.

"ಛೇ, ನಿಮ್ಮದೇ ಇರಲಿ ಬಿಡಿ."

"ಇಲ್ಲ ಇಲ್ಲ, ನಿಮ್ಮದೇ."

"ನನ್ನ ಐದಕ್ಕೆ ಬನ್ನಿ. ನಾನೂ ಬರ್ತೀನಿ," ಎಂದು ಸುಭದ್ರಮ್ಮ ತೀರ್ಪು ಕೊಟ್ಟರು.

ಮದುವೆಯಾಗಿ ಈಗ ಒಂಬತ್ತು ವರ್ಷ. ಆ ಮನೆಯಲ್ಲಿ ಊಟ, ನಿದ್ದೆ, ಸಿನಿಮಾ ಎಲ್ಲವೂ ಸುಭದ್ರಮ್ಮನವರ ಗಂಟೆಗೇ ನಡೆಯುತ್ತವೆ. ಗಂಡಹೆಂಡತಿ ಒಂದು ದಿನವೂ ಒಬ್ಬರನ್ನೊಬ್ಬರು ಕಾಯಿಸಿಲ್ಲ. ಇಬ್ಬರೇ ಎಲ್ಲಿಗೂ ಹೋಗಿಯೂ ಇಲ್ಲ.