ಉಬ್ಬರ ಏರುವವರೆಗೆ

"ಕಿಟಕಿ ಗಾಜನ್ನೂ ಬಿಡಲ್ವೇನೇ, ದರಿದ್ರದೋಳೆ?"

ಏಲಾಡಿಯೊ ಅಂಗಳದಲ್ಲಿ ಕಾಲು ಅಗಲಿಸಿ ನಿಂತಿದ್ದ. ತಂಗಿ ಒತಿಲಿಯಾ ಬಿಚ್ಚಿದ ಗಾಜನ್ನು ಕಂಬಳಿಯಲ್ಲಿ ಸುತ್ತಿ ಪಕ್ಕಕ್ಕಿಟ್ಟಳು. ಒಲೆ, ಕದ ಆಗಲೇ ಹೊರಗೆ ಬಂದಿದ್ದವು.

ಚಿಲೋಯೆಯ ಆ ಪುಟ್ಟ ದ್ವೀಪದಲ್ಲಿ, ಕಡಲ ದಡದಲ್ಲೇ ನಿಂತ ಮರದ ಮನೆ ಅದು. ಅಪ್ಪ ಸಾಯುವಾಗ ನೆಲವನ್ನು ಮಗನಿಗೂ ಮನೆಯನ್ನು ಮಗಳಿಗೂ ಬರೆದಿದ್ದ. ಹತ್ತನೇ ವಯಸ್ಸಿಗೇ ಪೇಟೆ ಸೇರಿದ್ದ ಏಲಾಡಿಯೊ ನಲವತ್ತು ವರ್ಷದ ಮೇಲೆ ಬಂದದ್ದು ಹೋಟೆಲು ನಡೆಸುವವರಿಗೆ ಜಾಗ ಮಾರಲು. ಅವರು ಮೆಚ್ಚಿದ್ದು ಈ ಹಳೇ ಮನೆಯನ್ನೇ.

"ಗೋಡೆ ನಿಂದೇ, ಯಾರು ಇಲ್ಲ ಅಂದ್ರು? ಆದ್ರೆ ಅದನ್ನ ಮುಟ್ಟೋಕೆ ತುಳೀಬೇಕಾದ ನೆಲ ನಂದು. ಮಧ್ಯಾಹ್ನ ಕಳೆದ್ಮೇಲೆ ಇಲ್ಲಿ ಕಾಲಿಟ್ಟು ನೋಡು, ಪೊಲೀಸ್ರನ್ನ ಕರೀತೀನಿ."

"ಉಬ್ಬರ ಏರ್ಲಿ ಅಣ್ಣ, ಹೋಗ್ತೀನಿ."

"ನಿಂದು ಅನ್ನೋದು ಒಂದು ಚಮಚನೂ ಇಲ್ಲಿ ಉಳೀಬಾರ್ದು."

"ಉಳಿಯಲ್ಲ. ಇಷ್ಟು ಜನದ ಮುಂದೆ ಹೇಳಿದ್ಯಲ್ಲ, ಸಾಕು."

ಊರಿಗೆ ಊರೇ ನೆರೆದಿತ್ತು. ಎತ್ತುಗಳನ್ನೂ ಹೊಡೆದುಕೊಂಡು ಬಂದಿದ್ದರು. ಹಾಸಿಗೆ, ಪೆಟ್ಟಿಗೆ ದೋಣಿಗೆ ಸಾಗಿಸಲು ಇರಬೇಕು ಅಂದುಕೊಂಡ ಏಲಾಡಿಯೊ. ಒತಿಲಿಯಾ ಎಲ್ಲರಿಗೂ ಆಲೂಗಡ್ಡೆ ರೊಟ್ಟಿ, ಹಂದಿಮಾಂಸ ಬಡಿಸಿದಳು. ಅಣ್ಣನ ಮುಂದೆ ಮಾತ್ರ ತಟ್ಟೆ ಇಡಲಿಲ್ಲ.

ಅವನಿಗೆ ಮೈಯೆಲ್ಲ ಉರಿಯಿತು. ಇವಳು ಅಳಬೇಕಿತ್ತು, ಕಾಲಿಗೆ ಬೀಳಬೇಕಿತ್ತು. ಅವನು ಮನೆಗೆ ಬೆನ್ನು ಮಾಡಿ ನಿಂತು, ಅಕಾರ್ಡಿಯನ್ ಹಿಡಿದು ಕೂತಿದ್ದ ಮುದುಕ ರೋಸಾಮೆಲ್‌ನ ಮೇಲೆ ಹರಿಹಾಯ್ದ.

"ಏನಜ್ಜ, ಬಾಯ್ತುಂಬ ರೊಟ್ಟಿ ತುರುಕ್ಕೊಂಡು ಕೂತ್ಯಲ್ಲ! ಹುಟ್ಟಿದ ಮನೆ ಬಿಡೋರಿಗೆ ಅಂತ ಒಂದು ಹಾಡು ಇದ್ಯಲ್ಲ, ಅದನ್ನ ಹಾಡು. ಇವಳ ಕಣ್ಣಲ್ಲಿ ನೀರು ಬರೋ ಹಂಗೆ ಹಾಡು!"

"ಹಾಡ್ತೀನಪ್ಪ, ಅದಕ್ಕೇ ಬಂದಿರೋದು. ನೀನು ಒಂಚೂರು ಆ ಕಡೆ ಸರಿ, ದಾರಿಗೆ ಅಡ್ಡ ಇದ್ದೀಯ."

ಜನ ನಕ್ಕರು. ಏಲಾಡಿಯೊ ಹಲ್ಲು ಕಚ್ಚಿ ಸರಿದು ನಿಂತ. ಅಜ್ಜನ ಒಡಕು ದನಿ ಎದ್ದಿತು.

"ಸೇಬಿನ ಮರವೇ, ಹೊರಟೆ ನಾನು,
ಅಮ್ಮನ ಒಲೆಯ ಹೊಗೆಯೇ, ನನ್ನಂಗಿಯ ಬಿಡಬೇಡ ನೀನು..."

ಒಬ್ಬೊಬ್ಬರಾಗಿ ಎಲ್ಲರೂ ದನಿಗೂಡಿಸಿದರು. ಅಮ್ಮ ಇದನ್ನು ಗುನುಗುತ್ತಿದ್ದಳು. ಏಲಾಡಿಯೊ ಯಾರಾದರೂ ನೋಡಿಯಾರೆಂದು ತೋಳಿನಿಂದ ರಪ್ಪನೆ ಕಣ್ಣೊರೆಸಿಕೊಂಡ.

ಬೆನ್ನ ಹಿಂದೆ ಏನೋ ಕಿರ್ರೆಂದಿತು. ತಿರುಗಿದ.

ಇಪ್ಪತ್ತು ಜೊತೆ ಎತ್ತುಗಳು ಹಗ್ಗ ಬಿಗಿದು, ದಿಮ್ಮಿಗಳ ಮೇಲೆ ಉರುಳಿಸುತ್ತ, ಇಡೀ ಮನೆಯನ್ನೇ ಕಡಲಿಗೆ ಇಳಿಸುತ್ತಿದ್ದವು. ಎದುರಿನ ದ್ವೀಪದಲ್ಲಿ ಒತಿಲಿಯಾ ಕೊಂಡಿದ್ದ ತುಂಡು ನೆಲಕ್ಕೆ ಅದನ್ನು ತೇಲಿಸಿಕೊಂಡು ಹೋಗಲು ಆರು ದೋಣಿಗಳು ಕಾದಿದ್ದವು.