ಎರಡು ಮುಂಬಾಗಿಲ ಮನೆ

"ತಳ್ಳೋ, ಇನ್ನೂ ಸ್ವಲ್ಪ ತಳ್ಳೋ! ಕಾರು ಬಂದೇಬಿಡ್ತು!"

ವೆಂಡೆಲೀನ್ ಪಿಸುಗುಟ್ಟಿದಳು. ಗಂಡ ಯೋಸ್ಟ್ ಹಲ್ಲು ಕಚ್ಚಿ ಬೀರುವನ್ನು ನೂಕಿದ. ಒಳಗಿದ್ದ ಪಿಂಗಾಣಿಯೆಲ್ಲ ಗಡಗಡ ಎಂದಿತು. ಹಜಾರದಿಂದ ಅಡುಗೆಮನೆಗೆ ಹೋಗುವ ಬಾಗಿಲು ಬೀರುವಿನ ಹಿಂದೆ ಮರೆಯಾಯಿತು. ಯೋಸ್ಟ್ ಹೊರಗೋಡಿ, ಗೋಡೆಯುದ್ದಕ್ಕೂ ನಾಲ್ಕು ಹೆಜ್ಜೆ ಹಾಕಿ, ಹೋದ ವಾರವಷ್ಟೇ ತಾನೇ ಕೂರಿಸಿದ್ದ ಹೊಸ ಬಾಗಿಲಿನಿಂದ ಅಡುಗೆಮನೆ ಹೊಕ್ಕ. ಈಗ ಹೆಂಡತಿ ನೆದರ್ಲೆಂಡ್ಸ್‌ನಲ್ಲಿ, ಗಂಡ ಬೆಲ್ಜಿಯಂನಲ್ಲಿ.

ಆ ಊರಿನಲ್ಲಿ ದೇಶದ ಗಡಿ ಮನೆಮನೆಯೊಳಗೆ ನುಗ್ಗಿ ಹೊರಟಿದೆ. ಮುಂಬಾಗಿಲು ಯಾವ ದೇಶಕ್ಕೆ ತೆರೆಯುತ್ತದೋ ಮನೆ ಆ ದೇಶದ್ದು ಎಂಬುದು ಅಲ್ಲಿನವರ ರೂಢಿ. ಹಾಗಾದರೆ ಎರಡು ಮುಂಬಾಗಿಲಿದ್ದರೆ ಎರಡು ಮನೆ, ಎರಡು ದೇಶ. ಇದರಲ್ಲಿ ಮೋಸವೇನೂ ಇಲ್ಲ ಎಂದು ವೆಂಡೆಲೀನ್ ತನಗೆ ತಾನೇ ನೂರು ಸಲ ಹೇಳಿಕೊಂಡಿದ್ದಳು. ನೂರು ಸಲ ಹೇಳಿಕೊಳ್ಳಬೇಕಾಗಿ ಬಂದದ್ದೇ ಅವಳಿಗೆ ಸ್ವಲ್ಪ ಕಸಿವಿಸಿ.

ಇಷ್ಟೆಲ್ಲ ಪಾಡು ಕಪ್ಪೆಗಳಿಗಾಗಿ. ಪ್ರತಿ ವಸಂತದಲ್ಲೂ ಅವು ನೆದರ್ಲೆಂಡ್ಸ್‌ನ ಕಾಡಿನಿಂದ ಹೊರಟು, ಹೆದ್ದಾರಿ ದಾಟಿ, ಬೆಲ್ಜಿಯಂನ ಕೆರೆಗೆ ಮೊಟ್ಟೆಯಿಡಲು ಹೋಗುತ್ತವೆ. ಅರ್ಧಕ್ಕರ್ಧ ಲಾರಿಯಡಿ ಅಪ್ಪಚ್ಚಿ. ಹನ್ನೊಂದು ವರ್ಷದಿಂದ ವೆಂಡೆಲೀನ್ ಅವನ್ನು ಬಕೆಟ್ಟಿನಲ್ಲಿ ಹೊತ್ತು ದಾಟಿಸುತ್ತಿದ್ದಳು. ಸತ್ತವನ್ನು ಎಣಿಸುವಾಗ ನಿಜಕ್ಕೂ ಅಳುತ್ತಿದ್ದಳು. ರಸ್ತೆಯಡಿ ಒಂದು ಸುರಂಗವಾದರೆ ಸಾಕಿತ್ತು. ಈಚೆಯ ಪುರಸಭೆ, "ಕಪ್ಪೆಗಳು ನಮ್ಮೂರು ಬಿಟ್ಟು ಹೊರಟವಲ್ಲ, ನಮಗ್ಯಾಕೆ?" ಎಂದಿತು. ಆಚೆಯದು, "ಇನ್ನೂ ನಮ್ಮೂರಿಗೆ ಬಂದೇ ಇಲ್ವಲ್ಲ?" ಎಂದಿತು. ಉಳಿದದ್ದು ಯುರೋಪಿನ ಅನುದಾನವೊಂದೇ. ಅದರ ಷರತ್ತು ಎರಡು: ಪಾಲುದಾರರು ಎರಡು ದೇಶದವರಾಗಿರಬೇಕು, ಒಂದೇ ಕುಟುಂಬದವರಾಗಿರಬಾರದು. ಊರೆಲ್ಲ ಹುಡುಕಿದರೂ ಕಪ್ಪೆ ಮುಟ್ಟಲು ಒಪ್ಪಿದವನು ಯೋಸ್ಟ್ ಒಬ್ಬನೇ.

ಕಾರಿನಿಂದ ಅನುದಾನದ ಕಚೇರಿಯ ಇಬ್ಬರು ಪರೀಕ್ಷಕರು ಇಳಿದರು. ಡೆನ್ಮಾರ್ಕಿನ ಮಿಸೆಸ್ ಲುಂಡ್, ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಲಕ್ಸೆಂಬರ್ಗಿನ ಗಸ್ಟೋನ್ ಕೀಫರ್, ದುಂಡಗಿನ ಸಾಧು ಮನುಷ್ಯ.

"ನಮಗೂ ಅದೇ ನಿಯಮ," ಎಂದಳು ಲುಂಡ್. "ಇಬ್ಬರು ಪರೀಕ್ಷಕರು, ಎರಡು ದೇಶ, ಒಬ್ಬರಿಗೊಬ್ಬರ ಪರಿಚಯ ಇರಕೂಡದು. ಇವರನ್ನ ಇವತ್ತು ಬೆಳಿಗ್ಗೆ ಸ್ಟೇಷನ್ನಲ್ಲೇ ಮೊದಲು ನೋಡಿದ್ದು. ನೀವೂ ನಿಮ್ಮ ಬೆಲ್ಜಿಯಂ ಪಾಲುದಾರರೂ?"

"ಎರಡು ವರ್ಷದಿಂದ ಈಮೇಲ್‌ನಲ್ಲಿ ಪರಿಚಯ," ಎಂದಳು ವೆಂಡೆಲೀನ್.

ಕಡತಗಳ ತಪಾಸಣೆ ಮುಗಿದ ಮೇಲೆ ಮೂವರೂ ಹೊರಬಿದ್ದು, ನಾಲ್ಕು ಹೆಜ್ಜೆ ನಡೆದು, ಬೆಲ್ಜಿಯಂನ ಗಂಟೆ ಒತ್ತಿದರು. ಯೋಸ್ಟ್ ಕೋಟು ತೊಟ್ಟು ನಿಂತಿದ್ದ.

"ಅಬ್ಬಾ, ಕೊನೆಗೂ ಮುಖ ನೋಡೋ ಭಾಗ್ಯ ಬಂತು, ಮೇಡಂ," ಎಂದು ಹೆಂಡತಿಯ ಕೈ ಕುಲುಕಿದ. ಸ್ವಲ್ಪ ಅತಿಯಾಯಿತು. ಒಳಗೆ ಕೂತ ಮೇಲೆ ವೆಂಡೆಲೀನ್ ಮೇಜಿನಡಿ ಅವನ ಕಾಲು ತುಳಿದಳು.

ಕಾಫಿ ಬಂತು. ಯೋಸ್ಟ್ ಹಾಲು ಸುರಿಯಲು ಹೊರಟಾಗ ಕೀಫರ್ ಲುಂಡಳ ಕಪ್ಪಿನ ಮೇಲೆ ಕೈ ಅಡ್ಡ ಹಿಡಿದ. ಅವನು ಎರಡನೆಯ ಸಕ್ಕರೆ ತುಂಡಿಗೆ ಕೈ ಚಾಚಿದಾಗ, ಲುಂಡ್ ಕಡತದಿಂದ ತಲೆಯೆತ್ತದೆಯೇ, "ಒಂದು ಸಾಕು," ಎಂದಳು. ಅವನು ತೆಪ್ಪಗೆ ವಾಪಸ್ಸಿಟ್ಟ. ಸಕ್ಕರೆಗೂ ಇವರ ಹತ್ತಿರ ನಿಯಮವಿದೆ ಎಂದುಕೊಂಡು ವೆಂಡೆಲೀನ್ ತಾನೂ ಒಂದೇ ತುಂಡು ಹಾಕಿಕೊಂಡಳು.

ಆಮೇಲೆ ಯೋಸ್ಟ್ ಬಿಸ್ಕತ್ತಿನ ಡಬ್ಬಿ ತೆರೆದ. ತಲೆಗೊಂದು ಬಿಸ್ಕತ್ತು ಕೊಟ್ಟ. ಟಪ್ಪನೆ ಮುಚ್ಚಳ ಮುಚ್ಚಿದ.

ಲುಂಡಳ ಪೆನ್ನು ನಿಂತಿತು. "ವಿಚಿತ್ರ. ಒಂದು ಕೊಟ್ಟು ಡಬ್ಬಿ ಮುಚ್ಚೋದು ನೆದರ್ಲೆಂಡ್ಸ್‌ನೋರು. ಬೆಲ್ಜಿಯಂನೋರು ಮುಚ್ಚಿದ್ದು ನಾನೆಲ್ಲೂ ನೋಡಿಲ್ಲ."

ವೆಂಡೆಲೀನ್ ಕುರ್ಚಿಯಿಂದ ಎದ್ದೇಬಿಟ್ಟಳು. "ತೆಗಿಯೋ ದಡ್ಡ, ಡಬ್ಬಿ ತೆಗಿ! ಮನೆಗೆ ಬಂದೋರ ಮುಂದೆ ಮುಚ್ಚಬೇಡ ಅಂತ ಹದಿನೇಳು ವರ್ಷದಿಂದ ಬಡ್ಕೋತಿದೀನಿ!"

ಯೋಸ್ಟ್ ಡಬ್ಬಿ ತೆಗೆದ.

"ಹದಿನೇಳು ವರ್ಷ," ಎಂದಳು ಲುಂಡ್.

"ಈಮೇಲ್‌ನಲ್ಲಿ," ಎಂದ ಯೋಸ್ಟ್.

ಲುಂಡ್ ಕೊನೆಯ ಹಾಳೆ ತಿರುವಿದಳು. "ಪಾಲುದಾರರ ನಡುವೆ ಕೌಟುಂಬಿಕ ಸಂಬಂಧ ಇದೆಯಾ? ಹೌದು ಅಥವಾ ಇಲ್ಲ."

ಹನ್ನೊಂದು ವರ್ಷದ ಬಕೆಟ್ಟುಗಳೆಲ್ಲ ವೆಂಡೆಲೀನಳ ಕಣ್ಣ ಮುಂದೆ ಬಂದವು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮೇಡಂ, ತಪ್ಪಾಯ್ತು. ಕಪ್ಪೆಗಳದೇನೂ ತಪ್ಪಿಲ್ಲ. ನಾವಿಬ್ರೂ..."

"ತಡೀರಿ," ಎಂದ ಕೀಫರ್. ಅಷ್ಟು ಹೊತ್ತಿನಲ್ಲಿ ಅವನು ಬಾಯಿಬಿಟ್ಟದ್ದು ಅದೇ ಮೊದಲು. ಅವನು ಲುಂಡಳನ್ನು ನೋಡಿದ. ಲುಂಡ್ ಅವನನ್ನು ನೋಡಿದಳು. "ಎರಡು ದೇಶದೋರು ಇಷ್ಟು ಸಲಿಗೆಯಿಂದ ಬೈದಾಡೋದು ಎಲ್ಲಿ ಸಿಗುತ್ತೆ ಮೇಡಂ? ಬೇರೆ ಕಡೆ ಬರೀ ಒಣ ಮರ್ಯಾದೆ. ಸಹಕಾರ ಅಂದ್ರೆ ಇದು. 'ಇಲ್ಲ' ಅಂತ ಬರ್ಕೊಳ್ಳಿ."

ಲುಂಡ್ ಪೆನ್ನು ಎತ್ತಿಕೊಂಡಳು. 'ಇಲ್ಲ' ಎಂಬಲ್ಲಿ ಗುರುತು ಹಾಕಿದಳು. ಇಬ್ಬರೂ ಸಹಿ ಮಾಡಿದರು. ಕಪ್ಪೆಗಳಿಗೆ ಸುರಂಗ ಸಿಕ್ಕಿತು.

ವೆಂಡೆಲೀನ್ ಖುಷಿಗೆ ಅಳುತ್ತಾ ಬೀದಿಯವರೆಗೂ ಅವರ ಹಿಂದೆ ಹೋದಳು. ಇನ್ನೊಂದು ಸಲ ಕೈ ಮುಗಿಯುವಷ್ಟು ಕೃತಜ್ಞತೆ ಅವಳಲ್ಲಿ ತುಂಬಿತ್ತು. ಇಂಥ ಕಟ್ಟುನಿಟ್ಟಿನವರ ಮನಸ್ಸು ಅದು ಹೇಗೆ ಕರಗಿತೋ ಅವಳಿಗೆ ತಿಳಿಯಲಿಲ್ಲ. ಕಾರಿನ ಬಾಗಿಲು ಮುಚ್ಚಿತು. ಕಿಟಕಿ ತೆರೆದೇ ಇತ್ತು.

"ಬೇಗ ಹೊರಡೋ ಗಸ್ಟೋನ್," ಎನ್ನುತ್ತಿದ್ದಳು ಮಿಸೆಸ್ ಲುಂಡ್, "ಈ ಸಲಾನೂ ಊಟಕ್ಕೆ ತಡ ಆದ್ರೆ ನಿಮ್ಮಮ್ಮ ಬಯ್ಯೋದು ಸೊಸೆ ಅಂತ ನನ್ನನ್ನೇ, ನಿನ್ನನ್ನಲ್ಲ!"